ನಿಮಗಿದು ಗೊತ್ತೆ? ಥರ್ಮಾಮೀಟರ್ ಅಳೆಯುವುದು ತನ್ನದೇ ತಾಪಮಾನವನ್ನು

ಬಿಸಿ ವಸ್ತುವೊಂದು ತಣ್ಣನೆಯ ವಸ್ತುವನ್ನು ತಾಗಿದಾಗ ಶಾಖವು ಮೊದಲನೆಯದರಿಂದ ಎರಡನೆಯದಕ್ಕೆ ಹರಿದು, ಎರಡರ ತಾಪಮಾನವೂ ಒಂದೇ ಆದಾಗ ಆ ನಿವ್ವಳ ಹರಿವು ನಿಲ್ಲುತ್ತದೆ. ಈ ಸ್ಥಿತಿಯೇ ಉಷ್ಣ ಸಮತೋಲನ. ಆದರೆ ಆ ಸಮಾನ ತಾಪಮಾನ ಎರಡರ ನಟ್ಟನಡುವೆಯೇ ಇರಬೇಕೆಂದಿಲ್ಲ. 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ 1 ಕಿಲೋ ತಾಮ್ರದ ಗಟ್ಟಿಯನ್ನು 20 ಡಿಗ್ರಿಯ 1 ಕಿಲೋ ನೀರಿನಲ್ಲಿ ಮುಳುಗಿಸಿ, ಶಾಖ ಹೊರಗೆ ಸೋರದಂತೆ ನೋಡಿಕೊಂಡರೆ, ಎರಡೂ 60 ಡಿಗ್ರಿಗೆ ಬರದೆ ಸುಮಾರು 27 ಡಿಗ್ರಿಯಲ್ಲಿ ನೆಲೆಗೊಳ್ಳುತ್ತವೆ. 1 ಕಿಲೋ ವಸ್ತುವಿನ ತಾಪಮಾನವನ್ನು 1 ಡಿಗ್ರಿ ಏರಿಸಲು ಬೇಕಾಗುವ ಶಾಖಕ್ಕೆ ವಿಶಿಷ್ಟೋಷ್ಣ ಎನ್ನುತ್ತಾರೆ. ನೀರಿನ ವಿಶಿಷ್ಟೋಷ್ಣವು ತಾಮ್ರದ್ದಕ್ಕಿಂತ ಸುಮಾರು 11 ಪಟ್ಟು ಹೆಚ್ಚಾಗಿರುವುದೇ ಇದಕ್ಕೆ ಕಾರಣ. ಶಾಖ ಬೇರೆ, ತಾಪಮಾನ ಬೇರೆ ಎಂಬ ಈ ಮಹತ್ವದ ವಿವೇಚನೆಯನ್ನು 18ನೆಯ ಶತಮಾನದಲ್ಲಿ ಖಚಿತಪಡಿಸಿದವನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್.

ಥರ್ಮಾಮೀಟರಿನ ಕೆಲಸವೂ ಈ ಸಮತೋಲನವನ್ನೇ ನೆಚ್ಚಿಕೊಂಡಿದೆ. ನಾಲಗೆಯಡಿ ಇಟ್ಟ ಪಾದರಸದ ಕಡ್ಡಿ ವಾಸ್ತವದಲ್ಲಿ ತೋರಿಸುವುದು ತನ್ನ ಪಾದರಸದ ತಾಪಮಾನವನ್ನು; ಅದು ದೇಹದಿಂದ ಶಾಖ ಹೀರಿಕೊಂಡು ಸಮತೋಲನಕ್ಕೆ ಬರುವವರೆಗೂ ಕಾಯದಿದ್ದರೆ ಜ್ವರ ಕಡಿಮೆಯೆಂದೇ ಕಾಣುತ್ತದೆ. ಅಳೆಯಬೇಕಾದದ್ದು ಕೆಲವೇ ಹನಿ ದ್ರವವಾಗಿದ್ದರೆ, ಅಳತೆಗೋಲೇ ಅದರ ಶಾಖವನ್ನು ಗಣನೀಯವಾಗಿ ಕಸಿದು ಅಳತೆಯನ್ನು ಕೆಡಿಸಬಲ್ಲದು, ಆದ್ದರಿಂದ ಅಲ್ಲಿ ಅತಿ ಸಣ್ಣ ಸಂವೇದಕಗಳು ಬೇಕಾಗುತ್ತವೆ.

ಎರಡು ವಸ್ತುಗಳು ಪ್ರತ್ಯೇಕವಾಗಿ ಮೂರನೆಯದೊಂದರೊಡನೆ ಉಷ್ಣ ಸಮತೋಲನದಲ್ಲಿದ್ದರೆ ಅವು ಪರಸ್ಪರ ಸಮತೋಲನದಲ್ಲಿಯೂ ಇರುತ್ತವೆ. ತಾಪಮಾನದ ಅಳತೆಗೆಲ್ಲ ಬುನಾದಿಯಾದ ಈ ನಿಯಮಕ್ಕೆ ಹೆಸರು ದೊರೆತದ್ದು ಉಷ್ಣಗತಿವಿಜ್ಞಾನದ ಮೊದಲ ಮತ್ತು ಎರಡನೆಯ ನಿಯಮಗಳು ನೆಲೆಯೂರಿದ ಎಷ್ಟೋ ಕಾಲದ ನಂತರ, 20ನೆಯ ಶತಮಾನದಲ್ಲಿ. ತರ್ಕದ ಕ್ರಮದಲ್ಲಿ ಅವುಗಳಿಗಿಂತ ಮುಂಚೆ ಬರಬೇಕಾದ್ದರಿಂದ ಅದನ್ನು ಶೂನ್ಯನೆಯ ನಿಯಮ ಎಂದು ಕರೆಯಲಾಯಿತು.