ಮೂರು ಕಡ್ಡಿ, ಆರು ಗುಂಡು, ಒಂದು ಪೇಟೆಂಟ್

ಅಮೆರಿಕದ ಪೇಟೆಂಟ್ ಸಂಖ್ಯೆ 4,153,998. ಮಂಜೂರಾದದ್ದು 1979ರ ಮೇ ತಿಂಗಳಲ್ಲಿ. ಸಂಶೋಧಕರು ಡೇವಿಡ್ ಮೆಕ್‌ಮರ್ಟ್ರಿ, ಹಕ್ಕು ರೋಲ್ಸ್ ರಾಯ್ಸ್ ಕಂಪನಿಯದು, ಶೀರ್ಷಿಕೆ ‘ಪ್ರೋಬ್ಸ್’ ಅಂತಷ್ಟೇ. ಇಷ್ಟು ಸಪ್ಪೆ ಹೆಸರಿನ ಕಾಗದವೊಂದು ನಿದ್ದೆ ಕೆಡಿಸುತ್ತದೆ ಎಂದರೆ ನಂಬುವುದು ಕಷ್ಟ. ನನ್ನ ನಿದ್ದೆಯನ್ನಂತೂ ಕೆಡಿಸಿತು. ಪ್ರೋಬ್ ಎಂದರೆ ಮುಟ್ಟಿ ಅಳೆಯುವ ಸಾಧನ. ಅದರ ಹೊಟ್ಟೆಯಲ್ಲಿ ಏನಿದೆ? ಒಂದು ಕವಚ, ಒಂದು ಸ್ಪ್ರಿಂಗ್, ಮೂರು ಕಡ್ಡಿ, ಆರು ಗುಂಡು, ಕೆಳಗೆ ಇಳಿಬಿಟ್ಟ ಒಂದು ಸಣ್ಣ ಮುಳ್ಳು. ಇವುಗಳಲ್ಲಿ ಯಾವುದೂ ಹೊಸದಲ್ಲ. ಒಂದೇ ಒಂದೂ ಅಲ್ಲ! ಆದರೂ ಜಗತ್ತಿನ ಕಾರ್ಖಾನೆಗಳು ಅಳತೆ ಮಾಡುವ ರೀತಿಯನ್ನೇ ಇದು ಬದಲಿಸಿಬಿಟ್ಟಿತು. ಹಳೆಯ ಸಾಮಾನುಗಳ ಈ ಗಂಟನ್ನು ಬಿಚ್ಚಿ, ಇದರೊಳಗೆ ಹೊಸದೊಂದು ಇದೆ ಎಂದು ಪೇಟೆಂಟ್ ಪರೀಕ್ಷಕ ಗುರುತಿಸುವುದು ಹೇಗೆ? ನನ್ನನ್ನು ಹಿಡಿದು ನಿಲ್ಲಿಸಿದ ಪ್ರಶ್ನೆ ಅದು.

ಕಥೆ ಶುರುವಾಗುವುದು ಕಾಂಕಾರ್ಡ್ ವಿಮಾನದಿಂದ. ಶಬ್ದದ ಎರಡು ಪಟ್ಟು ವೇಗದಲ್ಲಿ ಪ್ರಯಾಣಿಕರನ್ನು ಹೊತ್ತೊಯ್ಯುತ್ತಿದ್ದ ಆ ಹಕ್ಕಿಗೆ ನಾಲ್ಕು ಒಲಿಂಪಸ್ ಎಂಜಿನ್‌ಗಳು. ಇಂಗ್ಲೆಂಡಿನ ಬ್ರಿಸ್ಟಲ್ ಪಕ್ಕದ ಫಿಲ್ಟನ್‌ನಲ್ಲಿ ರೋಲ್ಸ್ ರಾಯ್ಸ್ ಎಂಜಿನಿಯರುಗಳು ಆ ಎಂಜಿನ್ ಕೆಲಸದಲ್ಲಿ ಮುಳುಗಿದ್ದರು. ಕಂಪನಿಯ ಸ್ಥಿತಿಯೋ, 1971ರ ಫೆಬ್ರುವರಿಯಲ್ಲಿ ದಿವಾಳಿಯೆದ್ದು ಬ್ರಿಟಿಷ್ ಸರ್ಕಾರದ ಕೈ ಸೇರಿತ್ತು. ಪೇಟೆಂಟ್ ಕಾಗದದಲ್ಲಿ ಕಂಪನಿಯ ಹೆಸರಿನ ಜೊತೆಗೇ ಆವರಣದಲ್ಲಿ 1971 ಎಂಬ ಅಂಕಿ ಅಂಟಿಕೊಂಡಿದೆ. ಆ ಬಿರುಗಾಳಿಯ ನಡುವೆ ಒಂದು ಪುಟ್ಟ ತಲೆನೋವು: ಎಂಜಿನ್ನಿನ ಇಂಧನದ ಸಣ್ಣ ಕೊಳವೆಗಳನ್ನು ಸರಿಯಾಗಿ ಅಳೆಯಲು ಆಗುತ್ತಿರಲಿಲ್ಲ.

ಏಕೆ ಆಗುತ್ತಿರಲಿಲ್ಲ? ಮೂರು ದಿಕ್ಕಿನಲ್ಲೂ ಓಡಾಡಿ ಅಳೆಯುವ ಯಂತ್ರಗಳು, ನಮ್ಮ ಕಾರ್ಖಾನೆಗಳಲ್ಲಿ ಸಿಎಂಎಂ ಎಂದು ಕರೆಯುವಂಥವು, ಆಗಲೇ ಬಂದಿದ್ದವು. ಆದರೆ ಅವುಗಳ ತುದಿಯಲ್ಲಿ ಇದ್ದದ್ದು ಗಟ್ಟಿ ಕಡ್ಡಿ. ಕೆಲಸಗಾರ ಅದನ್ನು ಕೈಯಿಂದ ಒಯ್ದು ಜಾಬ್‌ಗೆ, ಅಂದರೆ ಅಳೆಯಬೇಕಾದ ವಸ್ತುವಿಗೆ, ತಾಗಿಸಿ, ಅಲ್ಲೇ ಒತ್ತಿ ಹಿಡಿದು, ಅಂಕಿ ಓದಬೇಕು. ತೆಳು ಕೊಳವೆಗೆ ಹಾಗೆ ಒತ್ತಿದರೆ ಅದು ಬಾಗುತ್ತದೆ. ಬಾಗಿದ ಕೊಳವೆಯ ಅಳತೆ ಕೊಳವೆಯ ಅಳತೆಯಲ್ಲ, ಕೆಲಸಗಾರನ ಕೈಬಲದ ಅಳತೆ! ಇವತ್ತು ಒಬ್ಬ ಅಳೆದರೆ ಒಂದು ಅಂಕಿ, ನಾಳೆ ಇನ್ನೊಬ್ಬ ಅಳೆದರೆ ಬೇರೆ ಅಂಕಿ.

ಮುಟ್ಟದೆ ಅಳೆಯುವ ಹಾಗಿಲ್ಲ, ಮುಟ್ಟಿದರೆ ಬಾಗುತ್ತದೆ. ಡಬ್ಲಿನ್‌ನಲ್ಲಿ 1940ರಲ್ಲಿ ಹುಟ್ಟಿ ಫಿಲ್ಟನ್‌ನಲ್ಲಿ ದುಡಿಯುತ್ತಿದ್ದ ಮೆಕ್‌ಮರ್ಟ್ರಿ 1972ರಲ್ಲಿ ಈ ಕಗ್ಗಂಟಿಗೆ ಕೊಟ್ಟ ಉತ್ತರವನ್ನು ನಿಧಾನವಾಗಿ ನೋಡಬೇಕು, ಯಾಕೆಂದರೆ ಸೊಬಗೆಲ್ಲ ಇರುವುದು ಅಲ್ಲೇ.

ಮುಳ್ಳಿನ ಬುಡಕ್ಕೆ ಮೂರು ಕಡ್ಡಿಗಳು, ಒಂದಕ್ಕೊಂದು 120 ಡಿಗ್ರಿ ಕೋನದಲ್ಲಿ ಚಾಚಿಕೊಂಡಿವೆ. ಪ್ರತಿ ಕಡ್ಡಿಯೂ ಎರಡು ಗುಂಡುಗಳ ನಡುವಿನ ಸಂದಿಯಲ್ಲಿ ಕೂತಿದೆ. ಮೂರು ಕಡ್ಡಿ, ತಲಾ ಎರಡು ಗುಂಡು, ಒಟ್ಟು ಆರು ಸ್ಪರ್ಶಬಿಂದು. ಮೇಲಿನಿಂದ ಒಂದು ಸ್ಪ್ರಿಂಗ್ ಹಗುರವಾಗಿ ಅದುಮಿ ಹಿಡಿದಿದೆ. ಈ ಆರು ಎಂಬುದು ಆಕಸ್ಮಿಕವಲ್ಲ. ಯಾವುದೇ ಗಟ್ಟಿ ವಸ್ತು ಆರು ರೀತಿಯಲ್ಲಿ ಅಲುಗಾಡಬಲ್ಲದು: ಮೂರು ದಿಕ್ಕಿನಲ್ಲಿ ಸರಿಯುವುದು, ಮೂರು ಅಕ್ಷಗಳ ಸುತ್ತ ತಿರುಗುವುದು. ಒಂದೊಂದು ಬಿಂದು ಒಂದೊಂದು ಚಲನೆಯನ್ನು ತಡೆಯುತ್ತದೆ. ಆರು ಬಿಂದುಗಳಾದರೆ ವಸ್ತುವಿಗೆ ಕೂರಲು ಜಗತ್ತಿನಲ್ಲಿ ಒಂದೇ ಒಂದು ಜಾಗ. ಐದಾದರೆ ಎಲ್ಲೋ ಸಡಿಲ, ಏಳಾದರೆ ಒಂದಕ್ಕೊಂದು ಜಗಳ. ಮೂರು ಕಾಲಿನ ಸ್ಟೂಲು ಎಂಥ ನೆಲದಲ್ಲೂ ಅಲ್ಲಾಡದೆ ಕೂರುವುದನ್ನು ನೋಡಿದ್ದೀರಲ್ಲ, ಆ ಗುಣವನ್ನು ಆರೂ ಚಲನೆಗಳಿಗೆ ಹಿಗ್ಗಿಸಿದಂತೆ ಇದು. ಮುಳ್ಳನ್ನು ಎತ್ತಿ, ಓರೆ ಮಾಡಿ, ಹೇಗೆ ಬೇಕಾದರೂ ಕೆಣಕಿ ಬಿಡಿ. ಮೈಕ್ರಾನ್ ಮಟ್ಟದಲ್ಲಿ ಅದೇ ಜಾಗಕ್ಕೆ ಬಂದು ಕೂರುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು!

ಇಷ್ಟಕ್ಕೇ ಮುಗಿದಿದ್ದರೆ ಅದೊಂದು ಒಳ್ಳೆಯ ಪೀಠ, ಅಷ್ಟೇ. ಈ ಆರು ಬಿಂದುಗಳ ಮೂಲಕವೇ ಸರಣಿಯಾಗಿ ವಿದ್ಯುತ್ ಹರಿಸಿದ್ದಾರೆ ಮೆಕ್‌ಮರ್ಟ್ರಿ. ಕಡ್ಡಿ ಗುಂಡುಗಳ ಮೇಲೆ ಕೂತಿರುವವರೆಗೆ ಸರ್ಕಿಟ್ ಪೂರ್ಣ. ಮುಳ್ಳಿನ ತುದಿ ಜಾಬ್‌ಗೆ ಸೋಕಿತೋ, ಯಾವುದಾದರೂ ಒಂದು ಕಡ್ಡಿ ತನ್ನ ಆಸನದಿಂದ ಏಳತೊಡಗುತ್ತದೆ. ಪೂರ್ತಿ ಏಳುವವರೆಗೂ ಕಾಯಬೇಕಿಲ್ಲ. ಒತ್ತಡ ಕಡಿಮೆಯಾದಂತೆ ಲೋಹ ಲೋಹವನ್ನು ಮುಟ್ಟಿರುವ ಜಾಗ ಕಿರಿದಾಗುತ್ತದೆ, ರೋಧ ಏರುತ್ತದೆ, ಗೊತ್ತುಪಡಿಸಿದ ಮಿತಿ ದಾಟಿದೊಡನೆ ಸಂಕೇತ ಹೊರಡುತ್ತದೆ. ಆ ಕ್ಷಣಕ್ಕೇ ಯಂತ್ರ ತನ್ನ ಮೂರೂ ಅಳತೆಪಟ್ಟಿಗಳ ಅಂಕಿಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಯಂತ್ರ ಸೆಕೆಂಡಿಗೆ 5 ಮಿಲಿಮೀಟರ್ ವೇಗದಲ್ಲಿ ಬರುತ್ತಿದೆ ಎಂದುಕೊಳ್ಳಿ, ಒಂದು ಮಿಲಿಸೆಕೆಂಡ್ ತಡವಾದರೂ ಅದು 5 ಮೈಕ್ರಾನ್ ಮುಂದೆ ಹೋಗಿರುತ್ತದೆ. ಹೋಗಲಿ ಬಿಡಿ! ಅಂಕಿ ಆಗಲೇ ದಾಖಲಾಗಿದೆ. ಭಾರದ ಯಂತ್ರ ಗಕ್ಕನೆ ನಿಲ್ಲಬೇಕಾಗಿಲ್ಲ. ಮುಳ್ಳು ಬಾಗಿಕೊಂಡು ದಾರಿ ಬಿಡುತ್ತದೆ, ಯಂತ್ರ ಆರಾಮವಾಗಿ ನಿಂತು ಹಿಂದೆ ಸರಿಯುತ್ತದೆ, ಸ್ಪ್ರಿಂಗ್ ಮುಳ್ಳನ್ನು ಮತ್ತೆ ಅದೇ ಆರು ಬಿಂದುಗಳ ಮೇಲೆ ಕೂರಿಸುತ್ತದೆ. ಕೊಳವೆಯನ್ನು ಒತ್ತಿ ಹಿಡಿಯುವ ಕೈಯೇ ಈಗ ಇಲ್ಲ.

ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಸಿಎಂಎಂ ಕೋಣೆಗೆ ಹೋಗುವ ಅವಕಾಶ ಸಿಕ್ಕರೆ ಬಿಡಬೇಡಿ. ಹೊರಗೆ ಎಷ್ಟೇ ಸೆಕೆ ಇರಲಿ, ಒಳಗೆ 20 ಡಿಗ್ರಿ ಸೆಲ್ಸಿಯಸ್, ಏಕೆಂದರೆ ಲೋಕದ ಅಳತೆಗಳೆಲ್ಲ ಆ ಉಷ್ಣತೆಗೇ ಒಪ್ಪಂದವಾಗಿವೆ. ಗ್ರಾನೈಟ್ ಮೇಜಿನ ಮೇಲೆ ಜಾಬ್. ಮುಳ್ಳಿನ ತುದಿಯಲ್ಲಿ ಕೆಂಪಗೆ ಹೊಳೆಯುವ ಕೃತಕ ಮಾಣಿಕ್ಯದ ಗುಂಡು, ಸಾಸಿವೆಗಿಂತ ತುಸು ದಪ್ಪವಿದ್ದರೆ ಹೆಚ್ಚು. ಅದು ರಂಧ್ರದೊಳಗೆ ಇಳಿದು, ಒಂದು ಬದಿಗೆ ಸೋಕಿ, ಹಿಂದೆ ಸರಿದು, ಎದುರು ಬದಿಗೆ ಸೋಕುತ್ತದೆ. ಪ್ರತಿ ಸಲವೂ ಪ್ರೋಬ್‌ನ ದೀಪ ಮಿಣುಕುತ್ತದೆ, ಪರದೆಯ ಮೇಲೆ ಅಂಕಿ ಮೂಡುತ್ತದೆ. ಸೋಕಿದ್ದು ಕಣ್ಣಿಗೆ ಕಾಣಿಸುವುದೇ ಇಲ್ಲ! ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಈಗ ಪರೀಕ್ಷಕರ ಮೇಜಿಗೆ ಬರೋಣ. ಅರ್ಜಿ ಬಂದೊಡನೆ ಅದು ಯಾವ ಕಪಾಟಿಗೆ ಸೇರಿದ್ದೆಂದು ತೀರ್ಮಾನಿಸಬೇಕು. ಉದ್ದ, ದಪ್ಪಗಳ ಅಳತೆಗೆ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಇರುವ ಸಂಕೇತ ಜಿ01ಬಿ. ಅದರಲ್ಲಿ 5ನೇ ಗುಂಪು ಯಾಂತ್ರಿಕ ವಿಧಾನಗಳಿಗೆ, 7ನೆಯದು ವಿದ್ಯುತ್ ಮತ್ತು ಕಾಂತೀಯ ವಿಧಾನಗಳಿಗೆ. ಈ ಪ್ರೋಬ್ ಯಾವುದಕ್ಕೆ ಸೇರಬೇಕು? ಕೆಲಸ ಮಾಡುವುದೆಲ್ಲ ಕಡ್ಡಿ, ಗುಂಡು, ಸ್ಪ್ರಿಂಗ್. ಮಾತಾಡುವುದು ಮಾತ್ರ ವಿದ್ಯುತ್ತಿನಲ್ಲಿ. ಇಂಥ ಸ್ಪರ್ಶ ಪ್ರೋಬ್‌ಗಳಿಗೆ ಇಂದು 7ನೇ ಗುಂಪಿನಲ್ಲೇ ಒಂದು ಮನೆ ಇದೆ, 7/012 ಎಂಬ ವಿಳಾಸದಲ್ಲಿ. ಪರೀಕ್ಷಕ ಎರಡೂ ಗುಂಪುಗಳ ಹಳೆಯ ಕಾಗದಗಳನ್ನು ಜಾಲಾಡಬೇಕು, ಜಾಲಾಡುವುದರಲ್ಲೇ ಅವರ ಜಾಣತನ.

ಜಾಲಾಡಿದರೆ ಸಿಗುವುದೇನು ಕಡಿಮೆಯೇ? ಆರು ಬಿಂದುಗಳ ಆಸನ 19ನೇ ಶತಮಾನದಲ್ಲೇ ಕೆಲ್ವಿನ್, ಮ್ಯಾಕ್ಸ್‌ವೆಲ್ ಅವರಂಥ ಘಟಾನುಘಟಿಗಳ ಕೈಯಲ್ಲಿ ಪಳಗಿದ್ದು. ಲೋಹ ಲೋಹಕ್ಕೆ ತಗುಲಿದರೆ ಸರ್ಕಿಟ್ ಮುಚ್ಚುವುದು ಶಾಲೆಯ ಮಕ್ಕಳಿಗೂ ಗೊತ್ತು. ಸ್ಪ್ರಿಂಗಿನ ಮಾತೇ ಬೇಡ. ಮೂರನ್ನೂ ಮುಂದಿಟ್ಟುಕೊಂಡು, ಜೋಡಿಸಿದರಾಯಿತು, ಇದರಲ್ಲೇನು ಮಹಾ ಎಂದು ಅರ್ಜಿಯನ್ನು ತಳ್ಳಿಹಾಕಲು ಎಷ್ಟು ಹೊತ್ತು ಬೇಕು?

ನಮ್ಮ ದೇಶದ ಕಾನೂನೇ ಈ ಪ್ರಶ್ನೆಯನ್ನು ಎಷ್ಟು ಚೊಕ್ಕವಾಗಿ ಕೇಳುತ್ತದೆ ನೋಡಿ. ಭಾರತದ 1970ರ ಪೇಟೆಂಟ್ ಕಾಯ್ದೆ ಜಾರಿಗೆ ಬಂದದ್ದು 1972ರ ಏಪ್ರಿಲ್ 20ರಂದು, ಈ ಪ್ರೋಬ್ ಹುಟ್ಟಿದ ವರ್ಷದಲ್ಲೇ! ಗೊತ್ತಿರುವ ಸಾಧನಗಳನ್ನು ಸುಮ್ಮನೆ ಜೋಡಿಸಿಟ್ಟು, ಒಂದೊಂದೂ ತನ್ನ ಪಾಡಿಗೆ ಹಳೆಯ ರೀತಿಯಲ್ಲೇ ಕೆಲಸ ಮಾಡುತ್ತಿದ್ದರೆ ಅದು ಆವಿಷ್ಕಾರವಲ್ಲ ಎನ್ನುತ್ತದೆ ಅದರ 3(ಎಫ್) ಕಲಂ. 1978ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಪ್ರಕರಣದಲ್ಲಿ ಇದೇ ಜಾಡಿನಲ್ಲಿ ನಡೆಯಿತು. ಮಿರ್ಜಾಪುರದಲ್ಲಿ ಲೋಹದ ಪಾತ್ರೆಗಳನ್ನು ಲೇತ್‌ನಲ್ಲಿ ಹಿಡಿದು ತಿರುಗಿಸುವ ಒಂದು ವ್ಯವಸ್ಥೆಗೆ ಪೇಟೆಂಟ್ ಸಿಕ್ಕಿತ್ತು. ಅದು ವರ್ಕ್‌ಶಾಪಿನ ಕುಶಲ ಕೆಲಸಗಾರ ಮಾಡಬಹುದಾದ ಸುಧಾರಣೆ, ಆವಿಷ್ಕಾರವಲ್ಲ ಎಂದ ಕೋರ್ಟ್ ಪೇಟೆಂಟನ್ನು ಅನೂರ್ಜಿತಗೊಳಿಸಿತು. ಹಳೆಯ ತುಂಡುಗಳ ಜೋಡಣೆಯಲ್ಲಿ ಪೇಟೆಂಟ್ ಸಿಗುವುದೇ ಇಲ್ಲವೆಂದಲ್ಲ. ಜೋಡಣೆಯಿಂದ ಹೊಸ ಫಲವೊಂದು ಹುಟ್ಟಬೇಕು, ಆ ಕಸುಬು ಬಲ್ಲವನಿಗೂ ಅದು ಸಲೀಸಾಗಿ ಹೊಳೆಯುವಂಥದ್ದಾಗಿರಬಾರದು.

ಆ ಒರೆಗಲ್ಲಿಗೆ ಪ್ರೋಬನ್ನು ಉಜ್ಜಿ ನೋಡಿ. ಮೈ ಜುಮ್ಮೆನ್ನುತ್ತದೆ! ಮುಳ್ಳನ್ನು ಸ್ವಸ್ಥಾನದಲ್ಲಿ ಕೂರಿಸುವ ಬಿಂದುಗಳೂ, ಅದು ಸ್ಥಾನ ಬಿಟ್ಟಿತೆಂದು ಹೇಳುವ ಬಿಂದುಗಳೂ ಬೇರೆ ಬೇರೆಯಲ್ಲ. ಆಸನವೇ ಸ್ವಿಚ್ಚು, ಸ್ವಿಚ್ಚೇ ಆಸನ. ಪೀಠ ಒಂದು ಕಡೆ, ಸ್ವಿಚ್ಚು ಇನ್ನೊಂದು ಕಡೆ ಇಟ್ಟಿದ್ದರೆ ನಡುವಿನ ಸಡಿಲವೆಲ್ಲ ಅಳತೆಯೊಳಗೆ ನುಸುಳುತ್ತಿತ್ತು. ಜಾಬ್ ವಿದ್ಯುತ್ ಹಾಯಿಸುವ ಲೋಹವೇ ಆಗಿರಬೇಕೆಂಬ ಹಂಗೂ ಇಲ್ಲ, ಸರ್ಕಿಟ್ ಇರುವುದು ಪ್ರೋಬ್‌ನ ಒಳಗೆ, ಪ್ಲಾಸ್ಟಿಕ್ಕನ್ನು ಮುಟ್ಟಿದರೂ ಸಂಕೇತ ಬರುತ್ತದೆ. ಕೆಲ್ವಿನ್ ಕಾಲದಿಂದ ಎಲ್ಲರ ಕಣ್ಣೆದುರು ಇದ್ದ ಆರು ಬಿಂದುಗಳಿಗೆ ಮಾತು ಬರಿಸಿದವರು ಮೆಕ್‌ಮರ್ಟ್ರಿ. ತುಂಡುಗಳಲ್ಲಿ ಹುಡುಕಿದರೆ ಸಿಗದ ಹೊಸತನ ಇಲ್ಲಿ ತುಂಡುಗಳ ಬೆಸುಗೆಯಲ್ಲಿದೆ. ಅದನ್ನು ಕಾಣಬಲ್ಲ ಪರೀಕ್ಷಕರನ್ನು ನಾನು ಸಂಶೋಧಕರ ಪಕ್ಕದಲ್ಲೇ ಕೂರಿಸುತ್ತೇನೆ.

ಮುಂದಿನದು ಚುರುಕಾಗಿ ನಡೆಯಿತು. 1973ರಲ್ಲಿ ಮೆಕ್‌ಮರ್ಟ್ರಿ ಮತ್ತು ಜಾನ್ ಡೀರ್ ಸೇರಿ ರೆನಿಶಾ ಕಂಪನಿ ಕಟ್ಟಿದರು. ಮೆಕ್‌ಮರ್ಟ್ರಿ 2024ರ ಡಿಸೆಂಬರಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಪ್ರೋಬ್ ಲೋಕದ ಮೂಲೆಮೂಲೆಯ ಕಾರ್ಖಾನೆಗಳನ್ನು ಸೇರಿತ್ತು. ಹಕ್ಕಿನ ಗಡಿ ಎಲ್ಲಿಗೆ ಮುಗಿಯುತ್ತದೆಂಬ ವ್ಯಾಜ್ಯಗಳೂ ಬಂದವು. ರೆನಿಶಾದ ನಂತರದ ಪೇಟೆಂಟೊಂದರ ಕುರಿತು ಇಟಲಿಯ ಮಾರ್ಪೋಸ್ ಕಂಪನಿಯ ಎದುರಿನ ಮೊಕದ್ದಮೆ 1998ರಲ್ಲಿ ಅಮೆರಿಕದ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ ಮುಟ್ಟಿತು. ಸೋಕಿದ ಕೂಡಲೇ ಸಂಕೇತ ಕೊಡುವ ಪ್ರೋಬೂ, ಇದು ಬರೀ ಯಂತ್ರದ ನಡುಕವಲ್ಲ ಎಂದು ಖಾತ್ರಿಪಡಿಸಿಕೊಳ್ಳಲು ತುಸು ತಡೆದು ಸಂಕೇತ ಕೊಡುವ ಪ್ರೋಬೂ ಒಂದೇನಾ? ಅಲ್ಲ, ತಡೆದು ಹೇಳುವುದು ಈ ಪೇಟೆಂಟಿನ ಗಡಿಯ ಹೊರಗೆ ಎಂದಿತು ನ್ಯಾಯಾಲಯ. ಸೆಕೆಂಡಿನ ಒಂದು ಚೂರಿನ ಮೇಲೆ ಗೆರೆ ಎಳೆದ ತೀರ್ಪು!

ಮೂರು ಕಾಲಿನ ಈ ಆಸನಕ್ಕೆ ತನ್ನದೇ ಕೊರತೆಯೂ ಇದೆ. ಒಂದು ದಿಕ್ಕಿನಿಂದ ತಳ್ಳಿದರೆ ಮುಳ್ಳು ಸುಲಭವಾಗಿ ಏಳುತ್ತದೆ, ಇನ್ನೊಂದು ದಿಕ್ಕಿನಿಂದ ತುಸು ಹೆಚ್ಚು ಬಲ ಬೇಕು. ಹಾಗಾಗಿ ದಿಕ್ಕು ಬದಲಾದಂತೆ ಅಳತೆಯಲ್ಲಿ ಮೂರು ಉಬ್ಬಿನ ಒಂದು ಪುಟ್ಟ ವಿನ್ಯಾಸ ಮೂಡುತ್ತದೆ. ಗೊತ್ತಿರುವ ಅಳತೆಯ ಗೋಳವೊಂದನ್ನು ಮೊದಲು ಮುಟ್ಟಿಸಿ ಯಂತ್ರಕ್ಕೆ ಅದನ್ನು ತಿಳಿಸಿಕೊಡುತ್ತಾರೆ. ಇನ್ನೂ ನಿಖರತೆ ಬೇಕಾದಲ್ಲಿ ಬಲವನ್ನು ನೇರವಾಗಿ ಅರಿಯುವ ಸ್ಟ್ರೇನ್ ಗೇಜ್ ಪ್ರೋಬ್‌ಗಳು ಬಂದಿವೆ. ಆಗಿನ ಅಮೆರಿಕದ ಕಾನೂನಿನಲ್ಲಿ ಪೇಟೆಂಟಿನ ಆಯಸ್ಸು ಮಂಜೂರಾತಿಯಿಂದ 17 ವರ್ಷ. ಆ ಲೆಕ್ಕದಲ್ಲಿ 4,153,998ರ ಹಕ್ಕು 1996ರಲ್ಲೇ ತೀರಿದೆ. ಕರ್ನಾಟಕದ ಯಾರಾದರೂ ಇವತ್ತು ಹೊಸ ಸ್ಪರ್ಶ ಪ್ರೋಬ್ ಕಟ್ಟಿ ಅರ್ಜಿ ಹಾಕಿದರೆ ಅದು ಚೆನ್ನೈ ಪೇಟೆಂಟ್ ಕಚೇರಿಗೆ ಹೋಗುತ್ತದೆ. ಅಲ್ಲಿನ ಪರೀಕ್ಷಕರು ಅರ್ಜಿದಾರರ ಮುಂದೆ ಹಿಡಿಯಬಹುದಾದ ಹಳೆಯ ಕಾಗದಗಳಲ್ಲಿ ಕಾಂಕಾರ್ಡ್ ಕೊಳವೆಯಿಂದ ಹುಟ್ಟಿದ ಈ ಮೂರು ಕಡ್ಡಿ, ಆರು ಗುಂಡಿನದೂ ಒಂದು. ಇದಕ್ಕಿಂತ ನಿಮ್ಮದರಲ್ಲಿ ಹೊಸದೇನಿದೆ ಎಂಬುದಕ್ಕೆ ಆರು ತಿಂಗಳೊಳಗೆ ಉತ್ತರ ಕೊಡಬೇಕು.