ಗಿರಾಕಿನೇ ಇಲ್ಲದ ಭಾಷೆ ಕಲಿಯೋದು ಹೇಗೆ? ಸ್ಪ್ಯಾನಿಷ್‌ಗೆ ದಿನಕ್ಕೆ 45 ನಿಮಿಷದ ಲೆಕ್ಕ

ವಿಮಾನಪುರ: ಎಚ್‌ಎಎಲ್ ಮಾರ್ಕೆಟ್‌ನಲ್ಲಿ ಅರ್ಧ ಗಂಟೆ ನಿಂತು ಕೇಳಿದರೆ ಸಾಕು. ಒಂದೇ ಅಂಗಡಿಯಲ್ಲಿ ಕನ್ನಡ, ತಮಿಳು, ತೆಲುಗು, ಹಿಂದಿ ನಾಲ್ಕೂ ಕಿವಿಗೆ ಬೀಳ್ತವೆ. ಶಿವಾಜಿನಗರ, ಹಲಸೂರಿನ ಕಡೆ ಹೋದ್ರೆ ಅದರ ಜೊತೆ ದಖ್ಖನಿ ಉರ್ದುನೂ ಸೇರುತ್ತೆ. ಇವನ್ನೆಲ್ಲ ಯಾರೂ ಕ್ಲಾಸಿಗೆ ಹೋಗಿ ಕಲಿತಿದ್ದಲ್ಲ. 1809ರಲ್ಲಿ ದಂಡು ಪ್ರದೇಶ ಆದಾಗ, 1940ರಲ್ಲಿ ವಿಮಾನ ಕಾರ್ಖಾನೆ ಶುರುವಾದಾಗ ಊರೂರಿಂದ ಜನ ಬಂದ್ರು. ವ್ಯಾಪಾರ ಆಗಬೇಕಿತ್ತು, ಮಾತು ಬಂತು. ಮೂವತ್ತು, ನಲವತ್ತು ವಯಸ್ಸು ದಾಟಿದವರೂ ಹೀಗೇ ಕಲಿತಿದ್ದಾರೆ.

ಆದ್ರೆ ಅದೇ ಮನೆಯ ಮಕ್ಕಳು ಸ್ಪ್ಯಾನಿಷ್ ಕಲಿಯೋಕೆ ಹೊರಟರೆ ಮೂರೇ ವಾರಕ್ಕೆ ನಿಂತುಹೋಗುತ್ತೆ. ಫೋನಿಗೆ ಆ್ಯಪ್ ಹಾಕ್ಕೊಂಡು, ಕೆಲವರು ಫೀಸೂ ಕಟ್ಟಿ, ಕೊನೆಗೆ "ನಮಗೆ ವಯಸ್ಸಾಯ್ತು, ತಲೆಗೆ ಹತ್ತಲ್ಲ" ಅಂತ ಕೈಬಿಡೋದೇ ಜಾಸ್ತಿ. ತಪ್ಪು ತಲೆಯದ್ದಲ್ಲ. ತಮಿಳಿಗೆ ಮಾರ್ಕೆಟ್‌ನಲ್ಲಿ ದಿನಾ ಗಿರಾಕಿ ಬರ್ತಾರೆ, ಸ್ಪ್ಯಾನಿಷ್‌ಗೆ ಇಲ್ಲಿ ಒಬ್ಬ ಗಿರಾಕಿನೂ ಇಲ್ಲ. ಬಾಯಿ ತೆರೆಸೋರು ಯಾರೂ ಇಲ್ಲದಿದ್ರೆ ಯಾವ ಭಾಷೆನೂ ನಿಲ್ಲಲ್ಲ. ಹಾಗಾಗಿ ಸ್ವಂತವಾಗಿ ಕಲಿಯೋರು ಮೊದಲು ಮಾಡಬೇಕಾದ ಕೆಲಸ, ಆ ಗಿರಾಕಿಯನ್ನ ತಾವೇ ಹುಟ್ಟಿಸಿಕೊಳ್ಳೋದು.

ಯಾಕೆ ಬೇಕು ಸ್ಪ್ಯಾನಿಷ್?

ಇದು 20 ದೇಶಗಳ ಅಧಿಕೃತ ಭಾಷೆ. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಒಂದು. ಬೆಂಗಳೂರಿನ ಐಟಿ, ಬಿಪಿಒ ಕಂಪನಿಗಳಲ್ಲಿ ಮೆಕ್ಸಿಕೊ, ಕೊಲಂಬಿಯಾ, ಸ್ಪೇನ್ ಕಡೆಯ ಗ್ರಾಹಕರ ಕೆಲಸಕ್ಕೆ ಈ ಭಾಷೆ ಬಲ್ಲವರನ್ನ ಹುಡುಕ್ತಾರೆ. 2024ರ ಅಕ್ಟೋಬರ್‌ನಲ್ಲಿ ಸ್ಪೇನ್ ಪ್ರಧಾನಿ ಪೆದ್ರೊ ಸಾಂಚೆಸ್ ಭಾರತಕ್ಕೆ ಬಂದಾಗ, ಬೆಂಗಳೂರಿನಲ್ಲಿ ಸ್ಪೇನ್ ಕಾನ್ಸುಲೇಟ್ ತೆರೆಯೋ ನಿರ್ಧಾರವನ್ನೂ ಜಂಟಿ ಹೇಳಿಕೆಯಲ್ಲಿ ಸೇರಿಸಿದ್ರು. ವಿಮಾನದ ಊರಿನವರಿಗೆ ಇನ್ನೊಂದು ಸುದ್ದಿ ಗೊತ್ತಿರುತ್ತೆ. ವಾಯುಪಡೆಗೆ ಬೇಕಾದ 56 ಸಿ-295 ಸಾಗಣೆ ವಿಮಾನಗಳಲ್ಲಿ 16 ಸ್ಪೇನಿನ ಸೆವಿಲ್ಯಾದಿಂದ, ಉಳಿದ 40 ವಡೋದರಾದ ಟಾಟಾ ಘಟಕದಿಂದ ಅನ್ನೋದು ಒಪ್ಪಂದ.

ಆದ್ರೆ ಒಂದು ಮಾತು ನೇರವಾಗಿ ಹೇಳಬೇಕು. ಭಾಷೆಯೊಂದೇ ಕೆಲಸ ಕೊಡಿಸಲ್ಲ. ಅಕೌಂಟ್ಸ್, ಕಸ್ಟಮರ್ ಸಪೋರ್ಟ್, ಎಂಜಿನಿಯರಿಂಗ್ ಹೀಗೆ ಕೈಯಲ್ಲಿರೋ ಕೆಲಸದ ಜೊತೆ ಭಾಷೆ ಸೇರಿದಾಗಲೇ ಅದಕ್ಕೆ ಬೆಲೆ.

ಮೊದಲು ಸಮಯದ ಲೆಕ್ಕ

"30 ದಿನದಲ್ಲಿ ಸ್ಪ್ಯಾನಿಷ್" ಅನ್ನೋ ಜಾಹೀರಾತು ನಂಬೋ ಮುಂಚೆ ಈ ಲೆಕ್ಕ ನೋಡಿ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸೋ ಸಂಸ್ಥೆ ನಡೆಸುತ್ತೆ. ಅವರ ಅನುಭವದ ಪ್ರಕಾರ ಇಂಗ್ಲಿಷ್ ಮಾತೃಭಾಷೆಯವರು ಸ್ಪ್ಯಾನಿಷ್‌ನಲ್ಲಿ ಕಚೇರಿ ಕೆಲಸ ಮಾಡೋ ಮಟ್ಟಕ್ಕೆ ಬರೋಕೆ 600ರಿಂದ 750 ಗಂಟೆ ಕ್ಲಾಸ್ ಬೇಕು. ಅದೂ ದಿನವಿಡೀ ಅದೇ ಕೆಲಸ ಮಾಡೋರಿಗೆ.

ಅಂಗಡಿ, ಡ್ಯೂಟಿ, ಮನೆ ನೋಡ್ಕೊಂಡು ದಿನಕ್ಕೆ 45 ನಿಮಿಷದಂತೆ ವಾರಕ್ಕೆ ಆರು ದಿನ, ಭಾನುವಾರ ಒಂದು ಗಂಟೆ ಕೂತರೆ ವಾರಕ್ಕೆ ಐದೂವರೆ ಗಂಟೆ ಆಯ್ತು. ಹಬ್ಬ, ಮದುವೆ, ಜ್ವರ ಅಂತ ಎರಡು ವಾರ ಕಳೆದರೆ ವರ್ಷಕ್ಕೆ 275 ಗಂಟೆ. ಅಂದ್ರೆ ಮೊದಲ ವರ್ಷದಲ್ಲಿ ನಿಧಾನಕ್ಕೆ ಮಾತಾಡೋರ ಜೊತೆ ನಾಲ್ಕು ಮಾತು ಆಡಬಹುದು. ಕೆಲಸಕ್ಕೆ ಆಗೋ ಮಟ್ಟಕ್ಕೆ ಎರಡೂವರೆಯಿಂದ ಮೂರು ವರ್ಷ. ಇದು ಗೊತ್ತಿದ್ರೆ ಮೂರನೇ ವಾರ "ಏನೂ ಬರ್ತಿಲ್ಲ" ಅಂತ ಎದೆ ಒಡ್ಕೊಳ್ಳೋದು ತಪ್ಪುತ್ತೆ.

ಇಂಗ್ಲಿಷ್ ಬಿಡಿ, ಕನ್ನಡದಿಂದ ಹೋಗಿ

ಸ್ಪ್ಯಾನಿಷ್ ಪುಸ್ತಕಗಳೆಲ್ಲ ಇಂಗ್ಲಿಷ್‌ನವರಿಗೆ ಅಂತ ಬರೆದಿದ್ದು. ಅದನ್ನ ಓದಿ ನಾವೂ ಇಂಗ್ಲಿಷ್ ಮೂಲಕ ಯೋಚಿಸೋಕೆ ಹೋಗ್ತೀವಿ. ಕೆಲವು ಕಡೆ ಕನ್ನಡವೇ ಹತ್ತಿರದ ದಾರಿ.

ಉಚ್ಚಾರ: ಇಂಗ್ಲಿಷ್ ಥರ ಬರೆಯೋದೊಂದು ಓದೋದೊಂದು ಅನ್ನೋ ಗೋಳು ಕಮ್ಮಿ. ಅ, ಎ, ಇ, ಒ, ಉ ಐದೇ ಸ್ವರ. ಇಂಗ್ಲಿಷ್‌ನವರು ಒದ್ದಾಡೋ ತ, ದ ನಮಗೆ ಬಾಯಲ್ಲೇ ಇದೆ. ಹ ಅಕ್ಷರ ಬರೆದರೂ ಉಚ್ಚರಿಸಲ್ಲ, ಅದಕ್ಕೇ ನಮಸ್ಕಾರಕ್ಕೆ "ಓಲಾ" ಅಂತಾರೆ, ಕ್ಯಾಬ್ ಹೆಸರಿನ ಹಾಗೇ.

ಕ್ರಿಯಾಪದ: ಕನ್ನಡದಲ್ಲಿ "ಮಾತಾಡ್ತೀನಿ" ಅಂದ್ರೆ ಸಾಕು, "ನಾನು" ಬೇಡ. ಸ್ಪ್ಯಾನಿಷ್‌ನಲ್ಲೂ "ಆಬ್ಲೊ" ಅಂದ್ರೆ ಮಾತಾಡ್ತೀನಿ, "ಆಬ್ಲಾಸ್" ಅಂದ್ರೆ ಮಾತಾಡ್ತೀಯ, "ಆಬ್ಲಾಮೊಸ್" ಅಂದ್ರೆ ಮಾತಾಡ್ತೀವಿ. ಬಾಲ ನೋಡಿ ಯಾರು ಅಂತ ತಿಳಿಯೋ ಅಭ್ಯಾಸ ನಮಗೆ ಹುಟ್ಟಿನಿಂದ ಇದೆ.

ನೀನು, ನೀವು: ಇಂಗ್ಲಿಷ್‌ನಲ್ಲಿ ಎಲ್ಲರಿಗೂ ಒಂದೇ "ಯೂ". ಸ್ಪ್ಯಾನಿಷ್‌ನಲ್ಲಿ ಸಲಿಗೆಗೆ "ತೂ", ಮರ್ಯಾದೆಗೆ "ಉಸ್ತೆದ್". ಗಿರಾಕಿಗೆ ಯಾವುದು ಅಂತ ಅಂಗಡಿಯವರಿಗೆ ಹೇಳಿಕೊಡಬೇಕಾಗಿಲ್ಲ.

ನನಗೆ ಇಷ್ಟ: ಇಂಗ್ಲಿಷ್‌ನವರಿಗೆ ತಲೆ ತಿನ್ನೋ ಪಾಠ ಇದು. "ಮೆ ಗುಸ್ತಾ ಎಲ್ ಕಫೆ" ಅಂದ್ರೆ ನೇರವಾಗಿ "ನನಗೆ ಕಾಫಿ ಇಷ್ಟ". "ಮೆ ದುಎಲೆ ಲಾ ಕಬೇಸಾ" ಅಂದ್ರೆ "ನನಗೆ ತಲೆ ನೋಯುತ್ತೆ". ನಾನು ಅಲ್ಲ, ನನಗೆ. ಕನ್ನಡದ ಲೆಕ್ಕವೇ.

ಪದಗಳಲ್ಲೂ ನೆಂಟಸ್ತಿಕೆ ಇದೆ. ಗೋವಾ ಕಡೆಯಿಂದ ಬಂದ ಪೋರ್ಚುಗೀಸ್ ಪದಗಳು ನಮ್ಮಲ್ಲಿ ಉಳಿದಿವೆ, ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್ ಅಕ್ಕ-ತಂಗಿಯರು. ನಮ್ಮ ಅಲಮಾರಿ ಅಲ್ಲಿ "ಅರ್ಮಾರಿಯೊ". ಚರ್ಚಿನ ಪಾದ್ರಿ ಅಲ್ಲಿ "ಪಾದ್ರೆ". ಉತ್ತರ ಕರ್ನಾಟಕದವರು ಸಂಬಳಕ್ಕೆ ಹೇಳೋ ಪಗಾರ, ಅಲ್ಲಿ "ಪಗಾರ್", ಅಂದ್ರೆ ದುಡ್ಡು ಕೊಡೋದು. ಅಂಕಿಗಳಿಗೆ ಸಂಸ್ಕೃತದ ದೂರದ ಸಂಬಂಧ ಇದೆ: ತ್ರಿ ಅಲ್ಲಿ "ತ್ರೇಸ್", ಸಪ್ತ "ಸಿಯೆತೆ", ನವ "ನುಎವೆ", ದಶ "ದಿಯೆಸ್".

ಎಲ್ಲಿ ಕಷ್ಟ?

ಕಷ್ಟ ಇಲ್ಲದೇ ಇಲ್ಲ. ಕನ್ನಡದಲ್ಲಿ ಮೇಜು, ಪುಸ್ತಕಕ್ಕೆ ಗಂಡು-ಹೆಣ್ಣು ಇಲ್ಲ. ಸ್ಪ್ಯಾನಿಷ್‌ನಲ್ಲಿ ಮೇಜು ಹೆಣ್ಣು, "ಲಾ ಮೆಸಾ". ಪುಸ್ತಕ ಗಂಡು, "ಎಲ್ ಲಿಬ್ರೊ". ಇದಕ್ಕೆ ಒಂದೇ ಮದ್ದು: ಪದವನ್ನ ಯಾವತ್ತೂ ಒಂಟಿಯಾಗಿ ಬರ್ಕೋಬೇಡಿ, "ಎಲ್" ಅಥವಾ "ಲಾ" ಜೊತೆಗೇ ಬರೆದು ಜೊತೆಗೇ ಬಾಯಿಪಾಠ ಮಾಡಿ.

ಎರಡನೇದು ಜಾಗ. "ಅಂಗಡಿಯಲ್ಲಿ" ಅನ್ನೋಕೆ ನಾವು ಬಾಲ ಸೇರಿಸ್ತೀವಿ, ಅವರು "ಎನ್ ಲಾ ತಿಯೆಂದಾ" ಅಂತ ಮುಂದೆ ಹಾಕ್ತಾರೆ. ನಮ್ಮ ಕ್ರಿಯಾಪದ ಕೊನೆಗೆ, ಅವರದು ಸಾಮಾನ್ಯವಾಗಿ ನಡುವೆ. ಮೂರನೇದು, "ಇರೋದಕ್ಕೆ" ಅವರಲ್ಲಿ ಎರಡು ಪದ. ಒಬ್ಬರು ಯಾರು, ಎಂಥವರು ಅನ್ನೋಕೆ "ಸೆರ್". ಸದ್ಯ ಹೇಗಿದ್ದಾರೆ, ಎಲ್ಲಿದ್ದಾರೆ ಅನ್ನೋಕೆ "ಎಸ್ತಾರ್". ಇವು ಮೊದಲ ಆರು ತಿಂಗಳು ತಪ್ಪೇ ಆಗುತ್ತೆ, ಆಗಲಿ. ಹೊರಗಿನಿಂದ ಬಂದವರು ತಪ್ಪು ಕನ್ನಡ ಮಾತಾಡಿದ್ರೂ ನಮಗೆ ಅರ್ಥ ಆಗಲ್ವಾ?

ದಿನದ 45 ನಿಮಿಷ

ಈ ಸಮಯವನ್ನ ಹೊಸದಾಗಿ ಹುಡುಕಿದ್ರೆ ಸಿಗಲ್ಲ. ಈಗಾಗಲೇ ದಿನಾ ಮಾಡ್ತಿರೋ ಕೆಲಸಕ್ಕೆ ಕಟ್ಟಿ ಹಾಕಬೇಕು.

ಬೆಳಗ್ಗೆ 15 ನಿಮಿಷ, ಶಟರ್ ಎತ್ತೋ ಮುಂಚೆ ಅಥವಾ ಕಾಫಿ ಕುಡಿಯುವಾಗ: ಚೀಟಿ ಕೆಲಸ. ಹಳೇ ಸ್ವೀಟ್ ಡಬ್ಬದಲ್ಲಿ ರಟ್ಟಿನಿಂದ ಐದು ಖಾನೆ ಮಾಡಿ. ಚೀಟಿಯ ಒಂದು ಕಡೆ ಕನ್ನಡ, ಇನ್ನೊಂದು ಕಡೆ ಸ್ಪ್ಯಾನಿಷ್. ಹೊಸ ಚೀಟಿ ಮೊದಲ ಖಾನೆಗೆ. ಸರಿ ಹೇಳಿದ್ರೆ ಮುಂದಿನ ಖಾನೆಗೆ ಬಡ್ತಿ, ತಪ್ಪಿದ್ರೆ ಮತ್ತೆ ಮೊದಲಿಗೆ. ಮೊದಲ ಖಾನೆ ದಿನಾ, ಎರಡನೇದು ಎರಡು ದಿನಕ್ಕೆ, ಮೂರನೇದು ನಾಲ್ಕು ದಿನಕ್ಕೆ, ನಾಲ್ಕನೇದು ವಾರಕ್ಕೆ, ಐದನೇದು ಹದಿನೈದು ದಿನಕ್ಕೊಮ್ಮೆ ನೋಡಬೇಕು. ಸೆಬಾಸ್ಟಿಯನ್ ಲೈಟ್ನರ್ ಅನ್ನೋರು 1970ರ ದಶಕದಲ್ಲಿ ಜನಪ್ರಿಯ ಮಾಡಿದ ವಿಧಾನ ಇದು. ಮರೆತುಹೋಗೋ ಹೊತ್ತಿಗೆ ಸರಿಯಾಗಿ ಪದ ಮತ್ತೆ ಕಣ್ಮುಂದೆ ಬರುತ್ತೆ ಅನ್ನೋದೇ ಇದರ ಗುಟ್ಟು. ಫೋನಲ್ಲಿ ಬೇಕಂದ್ರೆ "ಆಂಕಿ" ಆ್ಯಪ್ ಇದೇ ಕೆಲಸ ಮಾಡುತ್ತೆ. ದಿನಕ್ಕೆ ಐದೇ ಹೊಸ ಪದ ಸಾಕು. ವಾರಕ್ಕೆ 30, ವರ್ಷಕ್ಕೆ 1,500.

ಮಧ್ಯಾಹ್ನ ಅಥವಾ ಬಸ್ಸಿನಲ್ಲಿ 20 ನಿಮಿಷ: ಕಿವಿ ಕೆಲಸ. ಮಾರತ್ತಹಳ್ಳಿ ಸಿಗ್ನಲ್‌ನಲ್ಲಿ 335ಇ ಬಸ್ಸು ನಿಲ್ಲೋ ಹೊತ್ತು ಇದಕ್ಕೆ ಬೇಕಾದಷ್ಟಾಯ್ತು. "ಲ್ಯಾಂಗ್ವೇಜ್ ಟ್ರಾನ್ಸ್‌ಫರ್" ಅನ್ನೋದರಲ್ಲಿ ದುಡ್ಡು ಕೊಡದೇ ಕೇಳಬಹುದಾದ 90 ಆಡಿಯೊ ಪಾಠ ಇವೆ, ಇಂಗ್ಲಿಷ್ ಅರ್ಥ ಆದ್ರೆ ಸಾಕು. ಅದರ ನಂತರ "ಡ್ರೀಮಿಂಗ್ ಸ್ಪ್ಯಾನಿಷ್" ಯೂಟ್ಯೂಬ್ ವಿಡಿಯೊಗಳು. ಚಿತ್ರ ಬಿಡಿಸಿ, ಕೈ ತೋರಿಸಿ ನಿಧಾನಕ್ಕೆ ಮಾತಾಡ್ತಾರೆ. ಎರಡರಲ್ಲಿ ಒಂದನ್ನೇ ಹಿಡ್ಕೊಳ್ಳಿ. ಹತ್ತು ಆ್ಯಪ್ ಹಾಕ್ಕೊಂಡವರು ಒಂದರಲ್ಲೂ ಮುಂದೆ ಹೋಗಲ್ಲ.

ರಾತ್ರಿ 10 ನಿಮಿಷ, ಗಲ್ಲಾ ಲೆಕ್ಕ ಆದ ಮೇಲೆ: ಬಾಯಿ ಕೆಲಸ. ಇದನ್ನೇ ಎಲ್ಲರೂ ಬಿಡೋದು, ಮುಖ್ಯವಾದದ್ದೂ ಇದೇ.

ಗಿರಾಕಿಯನ್ನ ಹುಟ್ಟಿಸೋದು

ರಾತ್ರಿಯ ಹತ್ತು ನಿಮಿಷದಲ್ಲಿ ಆ ದಿನ ಬಂದ ಒಬ್ಬ ನಿಜವಾದ ಗಿರಾಕಿಯನ್ನ ನೆನೆಸ್ಕೊಳ್ಳಿ. ಅವರ ಜೊತೆ ನಡೆದ ಮಾತನ್ನೇ ಸ್ಪ್ಯಾನಿಷ್‌ನಲ್ಲಿ ಜೋರಾಗಿ ಆಡಿ. "ಕ್ವಾಂತೊ ಕ್ವೆಸ್ತಾ?" ಅಂದ್ರೆ ಎಷ್ಟು? "ಮುಯ್ ಕಾರೊ" ಅಂದ್ರೆ ತುಂಬಾ ದುಬಾರಿ. "ನೊ ತೆಂಗೊ ಕಾಂಬಿಯೊ" ಅಂದ್ರೆ ಚಿಲ್ಲರೆ ಇಲ್ಲ. ಈ ಮೂರು ಮಾತು ಬಂದ್ರೆ ಅರ್ಧ ವ್ಯಾಪಾರ ಮುಗಿದ ಹಾಗೆ. ಪುಸ್ತಕದಲ್ಲಿರೋ "ಮ್ಯಾಡ್ರಿಡ್ ಮ್ಯೂಸಿಯಂಗೆ ದಾರಿ ಎಲ್ಲಿ" ಅನ್ನೋ ಪಾಠಕ್ಕಿಂತ ದಿನಾ ಬಾಯಲ್ಲಿ ಬರೋ ಮಾತು ಬೇಗ ನಿಲ್ಲುತ್ತೆ. ಅಂಗಡಿ ಇಲ್ಲದವರು ಆಫೀಸಿನ ಮಾತು, ಆಟೋದವರ ಜೊತೆಗಿನ ಮಾತು ತಗೊಳ್ಳಬಹುದು.

ಆಮೇಲೆ ಮೂರು ಸಾಲು ಬರೀರಿ. ಇವತ್ತು ಏನು ಮಾರಿದೆ, ಏನು ತಿಂದೆ, ನಾಳೆ ಏನು ಕೆಲಸ. ಬಾಕಿ ಪುಸ್ತಕದ ಹಾಗೆ ತಾರೀಖು ಹಾಕಿ.

ಭಾನುವಾರದ ಒಂದು ಗಂಟೆ ಇನ್ನೊಬ್ಬರ ಜೊತೆ. ಕಲೀತಿರೋ ಗೆಳೆಯರು ಒಬ್ಬರು ಸಿಕ್ಕರೂ ಸಾಕು. ಒಬ್ಬರು ಅಂಗಡಿಯವರು, ಇನ್ನೊಬ್ಬರು ಗಿರಾಕಿ, ಆಮೇಲೆ ಅದಲು ಬದಲು. ಯಾರೂ ಇಲ್ಲ ಅಂದ್ರೆ ವಾರದ ಬರಹವನ್ನ ಫೋನಲ್ಲಿ ಓದಿ ರೆಕಾರ್ಡ್ ಮಾಡಿ. ಮೂರು ತಿಂಗಳ ಹಿಂದಿನ ರೆಕಾರ್ಡಿಂಗ್ ಕೇಳಿದಾಗ ಎಷ್ಟು ಮುಂದೆ ಬಂದಿದ್ದೀವಿ ಅನ್ನೋದು ಆ್ಯಪ್ ಕೊಡೋ ಪಾಯಿಂಟ್‌ಗಿಂತ ಚೆನ್ನಾಗಿ ಗೊತ್ತಾಗುತ್ತೆ.

ಮೂರನೇ ವಾರ ದಾಟೋದು

ಮೊದಲ ವಾರದ ಹುರುಪು ಮೂರನೇ ವಾರಕ್ಕೆ ಇರಲ್ಲ. ಅದಕ್ಕೆ ಮೊದಲೇ ಎರಡು ನಿಯಮ ಹಾಕ್ಕೊಳ್ಳಿ. ಒಂದು, ಒಂದು ದಿನ ತಪ್ಪಬಹುದು, ಎರಡು ದಿನ ಒಟ್ಟಿಗೆ ತಪ್ಪಬಾರದು. ಎರಡು, ತಿಂಗಳ ಕೊನೆ, ಹಬ್ಬದ ವ್ಯಾಪಾರ, ನೈಟ್ ಶಿಫ್ಟ್ ಇದ್ದಾಗ 45 ನಿಮಿಷ ಬೇಡ, ಐದೇ ನಿಮಿಷ ಚೀಟಿ ನೋಡಿ ಮುಗಿಸಿ. ತಪ್ಪಿದ ದಿನದ್ದನ್ನ ಮರುದಿನ ಡಬಲ್ ಮಾಡೋಕೆ ಹೋಗಬೇಡಿ, ಬಡ್ಡಿ ಬೆಳೆದ ಸಾಲದ ಹಾಗೆ ಅದು ಕೊನೆಗೆ ಓಡಿಸಿಬಿಡುತ್ತೆ.

ವಯಸ್ಸಿನ ಮಾತೂ ಅಷ್ಟೇ. ಮಕ್ಕಳ ಉಚ್ಚಾರ ನಮಗೆ ಬರದೇ ಇರಬಹುದು. ಆದ್ರೆ ಶುರುವಿನಲ್ಲಿ ವ್ಯಾಕರಣ, ಪದ ಹಿಡಿಯೋದರಲ್ಲಿ ದೊಡ್ಡವರೇ ಮುಂದೆ, ಯಾಕಂದ್ರೆ ಹೋಲಿಸಿ ನೋಡೋಕೆ ಅವರ ಹತ್ರ ಆಗಲೇ ಮೂರ್ನಾಲ್ಕು ಭಾಷೆ ಇರುತ್ತೆ.

ಫೀಸು, ಪರೀಕ್ಷೆ ಯಾವಾಗ?

ಮೊದಲ ದಿನವೇ ದೊಡ್ಡ ಫೀಸು ಕಟ್ಟೋದು ಬೇಡ. ಮೂರು ತಿಂಗಳು ಈ ದಿನಚರಿ ನಡೆಸಿ, ನಿಂತರೆ ಆಮೇಲೆ ಕ್ಲಾಸಿಗೆ ಸೇರಿ. ಆಗ ಕೇಳೋಕೆ ನಿಮ್ಮ ಹತ್ರ ಪ್ರಶ್ನೆಗಳಿರ್ತವೆ, ಕೊಟ್ಟ ದುಡ್ಡೂ ದಕ್ಕುತ್ತೆ.

ಕೆಲಸಕ್ಕೆ ಅರ್ಜಿ ಹಾಕುವಾಗ ಸರ್ಟಿಫಿಕೇಟ್ ಬೇಕಾಗಬಹುದು. ಸ್ಪೇನ್ ಸರ್ಕಾರದ ಇನ್‌ಸ್ಟಿಟ್ಯುಟೊ ಸೆರ್ವಾಂತೆಸ್ ದೆಹಲಿಯಲ್ಲಿದೆ. ಅವರ "ಡೆಲೆ" ಪರೀಕ್ಷೆ ಎ1ರಿಂದ ಸಿ2ರವರೆಗೆ ಆರು ಹಂತದಲ್ಲಿ ನಡೆಯುತ್ತೆ, ಪಾಸಾದ ಸರ್ಟಿಫಿಕೇಟ್‌ಗೆ ಅವಧಿ ಮಿತಿ ಇಲ್ಲ. ಕಂಪ್ಯೂಟರ್‌ನಲ್ಲಿ ಬರೆಯೋ "ಸಿಯೆಲೆ" ಇನ್ನೊಂದು, ಅದು ಐದು ವರ್ಷ ಚಾಲ್ತಿ. ಅರ್ಜಿ ಹಾಕೋ ಮುಂಚೆ ಆ ಸುತ್ತಿಗೆ ಬೆಂಗಳೂರಿನಲ್ಲಿ ಕೇಂದ್ರ ಇದೆಯಾ, ಫೀಸು ಎಷ್ಟು ಅನ್ನೋದನ್ನ ಅವರ ವೆಬ್‌ಸೈಟ್‌ನಲ್ಲೇ ನೋಡ್ಕೊಳ್ಳಿ, ಏಜೆಂಟರ ಮಾತು ನಂಬಿ ದುಡ್ಡು ಕೊಡಬೇಡಿ.

ಶುರು ಮಾಡೋಕೆ ಬೇಕಾಗಿದ್ದು ಒಂದು ಖಾಲಿ ಡಬ್ಬ, ಒಂದಷ್ಟು ಚೀಟಿ, ಒಂದು ಇಯರ್‌ಫೋನ್. ಮೊದಲ ಐದು ಚೀಟಿಗೆ ನಿಮ್ಮ ಅಂಗಡಿಯಲ್ಲೋ ಮನೆಯಲ್ಲೋ ಕಣ್ಣೆದುರಿಗಿರೋ ಐದು ಸಾಮಾನಿನ ಹೆಸರನ್ನೇ ಬರೀರಿ.