ಹಿಂಗಿನ ಡಬ್ಬಿಯಲ್ಲಿ ಅಡಗಿದ್ದ ಗೋಧಿ

ಬಸವೇಶ್ವರನಗರದ ನಮ್ಮ ಮನೆಯ ಅಡುಗೆಮನೆ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ ಗೀಟುಗಳಿವೆ. ಮೊಮ್ಮಗಳ ಪ್ರತಿ ಹುಟ್ಟುಹಬ್ಬಕ್ಕೂ ಒಂದು ಗೀಟು, ಪಕ್ಕದಲ್ಲಿ ತಾರೀಖು. ಬ್ಯಾಂಕಿನಲ್ಲಿ ಜೀವಮಾನವೆಲ್ಲ ಲೆಡ್ಜರ್ ಬರೆದವನ ಚಟ ಇದು. ಏಳನೆಯ ಗೀಟಿಗೂ ಎಂಟನೆಯ ಗೀಟಿಗೂ ನಡುವೆ ಇದ್ದದ್ದು ಬರೀ 2 ಸೆಂಟಿಮೀಟರ್.

ಆಗಾಗ ಹೊಟ್ಟೆನೋವು ಅನ್ನುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು. ರಕ್ತ ಕಡಿಮೆ ಎಂದು ಟಾನಿಕ್ ಕುಡಿಸಿದೆವು. ಬಾಟಲಿಗಳು ಖಾಲಿಯಾದವೇ ಹೊರತು ರಕ್ತ ಏರಲಿಲ್ಲ. "ಸ್ಕೂಲಿಗೆ ಚಕ್ಕರ್ ಹೊಡೆಯೋಕೆ ನೆಪ" ಎಂದು ಒಂದು ದಿನ ನಾನೇ ಗದರಿಸಿದ್ದೆ. ಅವತ್ತೇ ಸಂಜೆ ಸಮಾಧಾನ ಮಾಡಲು ಬೇಕರಿಗೆ ಕರೆದುಕೊಂಡು ಹೋಗಿ ಖಾರಾ ಬನ್ನು ಕೊಡಿಸಿದೆ. ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಕೊನೆಗೆ ಮಕ್ಕಳ ಡಾಕ್ಟರೊಬ್ಬರು ಬೇರೆಯದೇ ರಕ್ತಪರೀಕ್ಷೆ ಬರೆದುಕೊಟ್ಟರು. ಆಮೇಲೆ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಚೂರನ್ನು ಪರೀಕ್ಷೆಗೆ ಕಳಿಸಿದರು. ಕಾಯಿಲೆಯ ಹೆಸರು ಸೀಲಿಯಾಕ್. ಗೋಧಿ, ಬಾರ್ಲಿ, ರೈ ಈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದರೆ, ಇಂಥವರ ದೇಹ ತನ್ನ ಕರುಳಿನ ಮೇಲೆ ತಾನೇ ಯುದ್ಧ ಹೂಡುತ್ತದೆ. ಮಕ್ಕಳೇ, ನಿಮ್ಮ ಮನೆಯ ಟರ್ಕಿ ಟವೆಲ್ ಮುಟ್ಟಿ ನೋಡಿ. ಅದರ ಮೇಲೆ ಪುಟ್ಟ ಪುಟ್ಟ ಎಳೆಗಳು ಎದ್ದು ನಿಂತಿರುತ್ತವೆ, ಅದಕ್ಕೇ ಅದು ಅಷ್ಟು ನೀರು ಹೀರುತ್ತದೆ. ನಮ್ಮ ಸಣ್ಣ ಕರುಳಿನ ಒಳಮೈಯೂ ಹಾಗೆಯೇ. ಸೀಲಿಯಾಕ್ ಇರುವವರಲ್ಲಿ ಆ ಎಳೆಗಳು ಸವೆದು ಹಳೇ ಪಂಚೆಯಂತೆ ನುಣ್ಣಗಾಗುತ್ತವೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಇದಕ್ಕೆ ಮಾತ್ರೆ ಇಲ್ಲ, ಜೀವನಪೂರ್ತಿ ಗ್ಲುಟೆನ್ ಬಿಡುವುದೇ ಔಷಧಿ. ಬಿಟ್ಟರೆ ಎಳೆಗಳು ಮತ್ತೆ ಚಿಗುರುತ್ತವೆ.

ಇದನ್ನು ಪತ್ತೆಹಚ್ಚಿದ ಕಥೆ ಹಸಿವಿನ ಕಥೆ. ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ ವಿಲ್ಲೆಮ್ ಡಿಕೆ ಎಂಬ ಮಕ್ಕಳ ವೈದ್ಯರಿದ್ದರು. ಗೋಧಿಯ ಮೇಲೆ ಅವರಿಗೆ 1930ರ ದಶಕದಲ್ಲೇ ಗುಮಾನಿಯಿತ್ತು. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, 1944–45ರಲ್ಲಿ, ಅಲ್ಲಿ ಭಯಂಕರ ಕ್ಷಾಮ ಬಂತು. ಬ್ರೆಡ್ ಸಿಗದೆ ಜನ ಟುಲಿಪ್ ಹೂವಿನ ಗೆಡ್ಡೆ ತಿಂದರು. ಊರಿಗೆ ಊರೇ ಬಡಕಲಾಗುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಸುಧಾರಿಸಿಕೊಂಡರು. ಬ್ರೆಡ್ ಮತ್ತೆ ಬಂದಾಗ ಕಾಯಿಲೆಯೂ ಮರಳಿತು. ಡಿಕೆ ಇದನ್ನೆಲ್ಲ ಅಳೆದು ತೂಗಿ 1950ರಲ್ಲಿ ಪ್ರಬಂಧವಾಗಿ ಬರೆದರು.

ನಮ್ಮ ಮನೆಗೆ ಬರೋಣ. ಒಬ್ಬಳಿಗೆ ಬೇರೆ ಅಡುಗೆ, ಉಳಿದವರಿಗೆ ಚಪಾತಿ ಎಂದರೆ ನಡೆಯುವುದಿಲ್ಲ. ಒಂದೇ ಲಟ್ಟಣಿಗೆ, ಒಂದೇ ಹೆಂಚು. ಗೋಧಿ ಹಿಟ್ಟಿನ ಧೂಳೂ ಅವಳಿಗೆ ತೊಂದರೆಯೇ. "ಎಲ್ಲರೂ ಬಿಟ್ಟರಾಯಿತು" ಎಂದಳು ನನ್ನ ಹೆಂಡತಿ. ಗೋಧಿ, ಮೈದಾ, ಚಿರೋಟಿ ರವೆ, ಉಪ್ಪಿಟ್ಟಿನ ರವೆ, ಶಾವಿಗೆ, ರಸ್ಕು ಎಲ್ಲ ಮನೆಯಿಂದ ಹೊರಬಿದ್ದವು. ಬೆಳಗಿನ ಉಪ್ಪಿಟ್ಟೂ ಹೋಯಿತೇ ಎಂದು ನಾನು ಮುಖ ಸಣ್ಣ ಮಾಡಿದ್ದು ನಿಜ. ಅಕ್ಕಿ ತರಿ ಉಪ್ಪಿಟ್ಟು ಮಾಡಿ ಬಡಿಸಿ, ನನ್ನ ಬಾಯಿ ಮುಚ್ಚಿಸಿದಳು.

ಮೈದಾ ಡಬ್ಬ ಖಾಲಿ ಮಾಡುವ ಮುಂಚೆ ಮೊಮ್ಮಗಳಿಗೆ ಒಂದು ಆಟ ತೋರಿಸಿದೆ. ಅವಳು ದೂರ ಕೂತು ನೋಡಿದಳು, ಕೈ ಹಾಕಿದ್ದು ನಾನು. ಒಂದು ಹಿಡಿ ಮೈದಾ ಕಲಸಿ, ಅರ್ಧ ಗಂಟೆ ಬಿಟ್ಟು, ಬೋಗುಣಿ ನೀರಿನಲ್ಲಿ ಹಿಸುಕುತ್ತಾ ತೊಳೆದೆ. ಹಿಟ್ಟೆಲ್ಲ ಹಾಲಿನಂತೆ ನೀರಿಗಿಳಿದು, ಚೂಯಿಂಗ್ ಗಮ್ಮಿನಂಥ ಉಂಡೆ ಕೈಯಲ್ಲಿ ಉಳಿಯಿತು. ಎಳೆದರೆ ರಬ್ಬರಿನಂತೆ ಬರುತ್ತದೆ. ಗ್ಲುಟೆನ್ ಅಂದರೆ ಅದೇ. ಬ್ರೆಡ್ಡನ್ನು ಉಬ್ಬಿಸಿ ಹಿಡಿದಿಡುವುದೂ ಅದೇ. ಹೀಗೇ ರಾಗಿ ಹಿಟ್ಟನ್ನು ತೊಳೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮುದ್ದೆಗೆ ಕುದಿಯುವ ನೀರು, ಕೋಲು, ತೋಳಿನ ಬಲ ಎಲ್ಲ ಬೇಕಾಗುವುದು ಅದಕ್ಕೇ.

ರಾಗಿ ನನಗೆ ಹಳೆಯ ನೆಂಟ. ಮಾಗಡಿ ಕಡೆಯ ಹಳ್ಳಿಯಲ್ಲಿ ಬೆಳೆದವನು ನಾನು. 1965–66ರ ಬರಗಾಲದಲ್ಲಿ ಅಮೆರಿಕದಿಂದ ಹಡಗಿನಲ್ಲಿ ಬಂದ ಗೋಧಿ ರೇಷನ್ ಅಂಗಡಿಗೂ ಬಂದಾಗ, ಅದರಲ್ಲಿ ಏನು ಮಾಡಬೇಕೆಂದು ನಮ್ಮಮ್ಮನಿಗೆ ತಿಳಿಯದೆ ನುಚ್ಚು ಒಡೆದು ಬೇಯಿಸಿ ಬೆಲ್ಲ ಹಾಕಿದ್ದಳು. ಬೆಂಗಳೂರಿಗೆ ಬಂದು ಕೆಲಸ ಸಿಕ್ಕ ಮೇಲೆ ಬ್ರೆಡ್ ತಿನ್ನುವುದೇ ಒಂದು ಅಂತಸ್ತು ಅನಿಸಿಬಿಟ್ಟಿತು, ಮುದ್ದೆ ಭಾನುವಾರಕ್ಕೆ ಸರಿಯಿತು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಮೈದಾದಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. ಇಂಥ ಲೆಕ್ಕ ತಪ್ಪಿದೆನಲ್ಲ!

ಇಷ್ಟಾದರೂ ಎರಡು ತಿಂಗಳಾದ ಮೇಲೂ ಆಗೀಗ ಹೊಟ್ಟೆನೋವು ಬರುತ್ತಿತ್ತು. ಮೊದಲ ಅನುಮಾನ ಗಿರಣಿಯ ಮೇಲೆ. ವಿಜಯನಗರದಲ್ಲಿ ನಾವು ಹಿಟ್ಟು ಬೀಸಿಸುವ ಕಡೆ, ನಮ್ಮ ರಾಗಿಗೆ ಮುಂಚೆ ಯಾರದೋ ಗೋಧಿ ಬೀಸಿರುತ್ತಾರೆ. ಅದರ ಹಿಟ್ಟು ಕಲ್ಲಿನ ಸಂದಿಯಲ್ಲಿ ಉಳಿಯುತ್ತದೆ. ಮನೆಯಲ್ಲೇ ಬೀಸಲು ಪುಟ್ಟ ಮಿಷನ್ ತಂದೆವು. ನೋವು ಕಡಿಮೆಯಾಯಿತು, ನಿಲ್ಲಲಿಲ್ಲ.

ಕಳ್ಳನನ್ನು ಹಿಡಿದದ್ದು ಅವಳೇ. ಈಗ ಡಬ್ಬಿ, ಪೊಟ್ಟಣ ಏನು ಸಿಕ್ಕರೂ ಮೇಲಿನ ಸಣ್ಣ ಅಕ್ಷರ ಓದುವುದು ಅವಳ ಕೆಲಸ. ಅಜ್ಜಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಓಡಿಬಂದು, "ತಾತ, ಹಿಂಗಿನಲ್ಲಿ ಗೋಧಿ ಹಿಟ್ಟು ಯಾಕಿದೆ?" ಎಂದು ಕೇಳಿದಳು. ಕನ್ನಡಕ ಹಾಕಿಕೊಂಡು ನೋಡಿದೆ, ಇತ್ತು. ಹಿಂಗು ಗಿಡದಿಂದ ಒಸರುವ ಅಂಟು. ಅದರ ಘಾಟು ಬಲು ಜೋರು, ಹಾಗಾಗಿ ಹಿಟ್ಟು, ಗೋಂದು ಬೆರೆಸಿಯೇ ಮಾರುತ್ತಾರೆ. ಎಷ್ಟೋ ಬ್ರಾಂಡುಗಳಲ್ಲಿ ಆ ಹಿಟ್ಟು ಗೋಧಿಯದು. ದಿನವೂ ಸಾರಿನಲ್ಲಿ ಅವಳಿಗೆ ನಾವೇ ಬಡಿಸುತ್ತಿದ್ದೆವು. ಈಗ ಅಕ್ಕಿ ಹಿಟ್ಟು ಬೆರೆಸಿದ ಹಿಂಗು ತರುತ್ತೇವೆ. ನಮ್ಮ ದೇಶದ ನಿಯಮದಂತೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇದ್ದರೆ ಆ ಪದಾರ್ಥವನ್ನು 'ಗ್ಲುಟೆನ್ ಫ್ರೀ' ಎಂದು ಮಾರುವಂತಿಲ್ಲ.

ಅಜ್ಜ ಅಜ್ಜಿಯರೇ, ಇದನ್ನು ಓದಿ ನಾಳೆಯೇ ಗೋಧಿ ಡಬ್ಬ ಎಸೆಯಬೇಡಿ. ಒಗ್ಗುವವರಿಗೆ ಗೋಧಿ ಒಳ್ಳೆಯ ಆಹಾರವೇ. ಮನೆಯ ಮಗುವಿನ ಮೇಲೆ ಅನುಮಾನ ಬಂದರೂ ಮೊದಲು ಡಾಕ್ಟರ ಹತ್ತಿರ ಹೋಗಿ. ಗೋಧಿ ಬಿಟ್ಟ ಮೇಲೆ ಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಎಂದು ಬರಬಹುದು. ನಮಗೆ ಡಾಕ್ಟರು ಇದನ್ನು ಎರಡೆರಡು ಸಲ ಹೇಳಿದ್ದರು.

ಈ ಯುಗಾದಿಗೆ ದೊಡ್ಡ ಪರೀಕ್ಷೆ ಎದುರಾದದ್ದು ಹೋಳಿಗೆಯದು. ಕಣಕ ಎಳೆದಷ್ಟೂ ಹಿಗ್ಗುವುದು ಆ ಅಂಟಿನಿಂದಲೇ ತಾನೇ? ನನ್ನ ಹೆಂಡತಿ ಅಕ್ಕಿ ಹಿಟ್ಟನ್ನು ಬಿಸಿನೀರಲ್ಲಿ ಬೇಯಿಸಿ ಕಣಕ ಮಾಡಿದಳು. ಮೊದಲನೆಯದು ಹೆಂಚಿನ ಮೇಲೇ ಹರಿದು ಹೂರಣ ಸೀದಿತು. ಎರಡನೆಯದೂ ಹರಿಯಿತು. ಐವತ್ತು ವರ್ಷ ಹೋಳಿಗೆ ತಟ್ಟಿದ ಕೈ, ಅವಳ ಕಣ್ಣು ತುಂಬಿ ಬಂತು. ಮೊಮ್ಮಗಳು ಹರಿದದ್ದನ್ನೇ ತಟ್ಟೆಗೆ ಹಾಕಿಸಿಕೊಂಡು, ತುಪ್ಪ ಸುರಿದು, ಚಮಚದಲ್ಲಿ ತಿನ್ನುತ್ತಾ ಹೇಳಿದಳು: "ಅಜ್ಜಿ, ಇದು ಹರಿದಿಲ್ಲ. ಬಾಗಿಲು ತೆಗೆದಿರೋ ಹೋಳಿಗೆ. ಇನ್ನೊಂದು ಹಾಕು."

ಊಟವಾದ ಮೇಲೆ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿದೆ. ಹುಟ್ಟುಹಬ್ಬ ಇನ್ನೂ ದೂರವಿತ್ತು, ಆದರೂ ತಡೆಯಲಾಗಲಿಲ್ಲ. ಹಳೆಯ ಗೀಟಿನಿಂದ 5 ಸೆಂಟಿಮೀಟರ್ ಮೇಲೆ ಹೊಸ ಗೀಟು ಎಳೆದು, ತಾರೀಖು ಹಾಕಿದೆ.